ಅಮೋನಿಯಾ ಪ್ಲಾಂಟಿನ ಹೆಡ್ ಪ್ರೆಶರ್ ಇಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲಿನ ಡೇರಿ, ಮಲ್ಪೆ ಮತ್ತು ಮಂಗಳೂರಿನ ಐಸ್ ಪ್ಲಾಂಟ್, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್, ಮೀನು ಸಂಸ್ಕರಣಾ ಘಟಕ ಹೀಗೆ ಬೇರೆ ಬೇರೆ ಕಡೆ ಯಂತ್ರಕೋಣೆಯಲ್ಲಿ ದುಡಿಯುವವರು ಎದುರಿಗೆ ಸಿಕ್ಕಾಗಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಡ್ ಪ್ರೆಶರ್ ಎಂದರೆ ಕಂಪ್ರೆಸರ್ ಅನಿಲ ಹೊರಬಿಡುವ ಕಡೆಯ, ಅಂದರೆ ಅನಿಲ ದ್ರವವಾಗುವ ಕಂಡೆನ್ಸರಿನ ಒತ್ತಡ; ಸಕ್ಷನ್ ಎಂದರೆ ಕಂಪ್ರೆಸರ್ ಅನಿಲ ಎಳೆದುಕೊಳ್ಳುವ ಕಡೆ. ಒತ್ತಡದ ಅಂಕಿಗಳೆಲ್ಲ ಗೇಜ್ ತೋರಿಸುವ ಅಂಕಿಗಳು. ಬಾರ್ ಲೆಕ್ಕವನ್ನೂ, ನಮ್ಮವರ ಬಾಯಲ್ಲಿ ಇನ್ನೂ ಉಳಿದಿರುವ ‘ಪೌಂಡ್’ (ಚದರ ಇಂಚಿಗೆ ಪೌಂಡ್) ಲೆಕ್ಕವನ್ನೂ ಕೊಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಹೆಡ್ ಪ್ರೆಶರ್ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಕಂಪ್ರೆಸರ್ ತಾನೇ?

ಅಲ್ಲ. ಕಂಪ್ರೆಸರ್ ಅನಿಲವನ್ನು ತಳ್ಳುತ್ತದೆ, ಅಷ್ಟೇ. ಆ ಅನಿಲ ಯಾವ ಒತ್ತಡದಲ್ಲಿ ದ್ರವವಾಗುತ್ತದೆ ಎಂಬುದು ಕಂಡೆನ್ಸರ್ ತನ್ನ ಶಾಖವನ್ನು ಎಷ್ಟು ಸುಲಭವಾಗಿ ಹೊರಗೆ ಹಾಕಬಲ್ಲದು ಎಂಬುದರ ಮೇಲೆ ನಿಂತಿದೆ. ಶಾಖ ಹೊರಹೋಗಲು ಕಷ್ಟಪಟ್ಟರೆ ಒತ್ತಡ ಏರುತ್ತಾ ಹೋಗುತ್ತದೆ. ಹೊರಗಿನ ನೀರು ಮತ್ತು ಗಾಳಿಗಿಂತ ಅಮೋನಿಯಾ ಸಾಕಷ್ಟು ಬಿಸಿಯಾದ ಮೇಲೆಯೇ ಅದು ನಿಲ್ಲುವುದು.

ಶುದ್ಧ ಅಮೋನಿಯಾಕ್ಕೆ ತಾಪಮಾನವೂ ಒತ್ತಡವೂ ಜೋಡಿ ಎತ್ತುಗಳಿದ್ದಂತೆ, ಒಂದನ್ನು ಬಿಟ್ಟು ಇನ್ನೊಂದು ಹೋಗುವುದಿಲ್ಲ. 20 ಡಿಗ್ರಿಯಲ್ಲಿ ದ್ರವವಾಗುವಾಗ 7.6 ಬಾರ್, ಅಂದರೆ 110 ಪೌಂಡ್. 25 ಡಿಗ್ರಿಗೆ 9 ಬಾರ್, 131 ಪೌಂಡ್. 30ಕ್ಕೆ 10.7 ಬಾರ್, 155 ಪೌಂಡ್. 35ಕ್ಕೆ 12.5 ಬಾರ್, 181 ಪೌಂಡ್. 40ಕ್ಕೆ 14.5 ಬಾರ್, 211 ಪೌಂಡ್. ಈ ಐದು ಜೋಡಿಗಳನ್ನು ಕಂಟ್ರೋಲ್ ಪ್ಯಾನೆಲ್ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಮುಂದಿನ ಉತ್ತರಗಳಲ್ಲಿ ಅರ್ಧದಷ್ಟು ಅವುಗಳಲ್ಲೇ ಇವೆ.

ಪ್ರೆಶರ್ ಚೆನ್ನಾಗಿದ್ದರೆ ತಂಪೂ ಚೆನ್ನಾಗಿ ಆಗುತ್ತದೆ ಎಂದು ನಮ್ಮ ಹಿರಿಯ ಆಪರೇಟರ್ ಹೇಳುತ್ತಾರೆ. ಸರಿಯೇ?

ಈ ಮಾತನ್ನು ನಾನು ಎಷ್ಟು ಪ್ಲಾಂಟುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹಿರಿಯರು ಸುಳ್ಳು ಹೇಳುತ್ತಿಲ್ಲ. ಕೈಯಿಂದ ತಿರುಗಿಸುವ ಎಕ್ಸ್‌ಪಾನ್ಷನ್ ವಾಲ್ವ್ ಇದ್ದ ಕಾಲದಲ್ಲಿ, ವಾಲ್ವನ್ನು ಒಂದು ಒತ್ತಡಕ್ಕೆ ಹೊಂದಿಸಿಟ್ಟು ಹೋದ ಮೇಲೆ ಒತ್ತಡ ಬಿದ್ದರೆ ಕೋಣೆಗೆ ದ್ರವ ಸಾಲದೆ ತಂಪು ಕೆಡುತ್ತಿತ್ತು. ವಾಲ್ವನ್ನು ಇನ್ನು ಕಾಲು ಸುತ್ತು ತೆರೆಯಬೇಕಿತ್ತು. ಅದರ ಬದಲು ‘ಪ್ರೆಶರ್ ಬೇಕು’ ಎಂಬ ಪಾಠ ಉಳಿದುಬಿಟ್ಟಿತು.

ನಿಜ ಸಂಗತಿ ತಿರುಗುಮುರುಗು. ಬಾವಿಯಿಂದ ನೀರು ಸೇದುವುದನ್ನು ನೆನೆಯಿರಿ. ಕೊಡ ಅದೇ, ನೀರೂ ಅಷ್ಟೇ, ಆದರೆ ಬಾವಿ ಆಳವಾದಷ್ಟೂ ತೋಳಿಗೆ ಕೆಲಸ ಹೆಚ್ಚು. ಕಂಪ್ರೆಸರ್ ಶಾಖವನ್ನು ಸೇದುವುದು ಕೋಣೆಯ ತಾಪಮಾನದಿಂದ ಕಂಡೆನ್ಸರ್ ತಾಪಮಾನದವರೆಗೆ. ಮೈನಸ್ 10ರಿಂದ 40ಕ್ಕೆ ಎತ್ತಿದರೆ 50 ಡಿಗ್ರಿಯ ಆಳ, 25ಕ್ಕೆ ಎತ್ತಿದರೆ 35 ಡಿಗ್ರಿಯ ಆಳ. ಜೊತೆಗೆ ಇನ್ನೊಂದು ಲಾಭವಿದೆ. ತಣ್ಣಗಿನ ದ್ರವ ವಾಲ್ವ್ ದಾಟುವಾಗ ಅದರಲ್ಲಿ ಸುಮ್ಮನೆ ಆವಿಯಾಗಿ ವ್ಯರ್ಥವಾಗುವ ಪಾಲು ಕಡಿಮೆ. ಕಂಡೆನ್ಸಿಂಗ್ ತಾಪಮಾನ 10 ಡಿಗ್ರಿ ಇಳಿದರೆ ಪ್ರತಿ ಕಿಲೋ ಅಮೋನಿಯಾ ಕೊಡುವ ತಂಪು ಸುಮಾರು ಶೇ 4ರಷ್ಟು ಹೆಚ್ಚುತ್ತದೆ. ಕರೆಂಟೂ ಕಡಿಮೆ, ತಂಪೂ ಜಾಸ್ತಿ.

ಒಂದು ಡಿಗ್ರಿ ಇಳಿಸಿದರೆ ಎಷ್ಟು ಉಳಿಯುತ್ತದೆ? ಮಾಲೀಕರಿಗೆ ತೋರಿಸಲು ಲೆಕ್ಕ ಬೇಕು.

ಕಂಡೆನ್ಸಿಂಗ್ ತಾಪಮಾನದಲ್ಲಿ ಪ್ರತಿ ಡಿಗ್ರಿ ಇಳಿಕೆಗೆ ಕಂಪ್ರೆಸರ್ ವಿದ್ಯುತ್ತಿನಲ್ಲಿ ಶೇ 2ರಿಂದ 3 ಉಳಿತಾಯ ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ಮೇಲಿನ ಬಾವಿಯ ಲೆಕ್ಕವೂ ಅದನ್ನೇ ಹೇಳುತ್ತದೆ: 50ರಲ್ಲಿ ಒಂದು ಡಿಗ್ರಿ ಎಂದರೆ ಶೇ 2, 35ರಲ್ಲಿ ಒಂದು ಎಂದರೆ ಸುಮಾರು ಶೇ 3.

ಕಂಪ್ರೆಸರ್ 100 ಕಿಲೋವಾಟ್ ಎಳೆಯುತ್ತದೆ, ವರ್ಷಕ್ಕೆ 5,000 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. 5 ಡಿಗ್ರಿ ಇಳಿಸಿದರೆ, ಅಂದರೆ 181 ಪೌಂಡ್ ಇದ್ದದ್ದನ್ನು 155ಕ್ಕೆ ತಂದರೆ, ಸುಮಾರು 12 ಕಿಲೋವಾಟ್ ಕಡಿಮೆ. ವರ್ಷಕ್ಕೆ 60,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 4.2 ಲಕ್ಷ ರೂಪಾಯಿ. ಕಂಡೆನ್ಸರ್ ಫ್ಯಾನ್ ಹೆಚ್ಚು ಓಡಿದ್ದಕ್ಕೆ ತಗಲುವ ಕರೆಂಟನ್ನು ಇದರಲ್ಲಿ ಕಳೆಯಬೇಕು, ಮರೆಯಬೇಡಿ. ಮರೆತು ತೋರಿಸಿದ ಲೆಕ್ಕವನ್ನು ಮಾಲೀಕರ ಲೆಕ್ಕಿಗರು ಮೊದಲ ಓದಿನಲ್ಲೇ ಹಿಡಿಯುತ್ತಾರೆ.

ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ, ಮಂಗಳೂರಿನಲ್ಲಿ 33. ಆದರೂ ಮಂಗಳೂರಿನ ಪ್ಲಾಂಟಿನಲ್ಲೇ ಪ್ರೆಶರ್ ಹೆಚ್ಚು. ಇದು ಹೇಗೆ?

ನೀರು ಸುರಿಸಿ ತಂಪು ಮಾಡುವ ಯಾವ ಕಂಡೆನ್ಸರ್ ಕೂಡ ಸಾಮಾನ್ಯ ಥರ್ಮಾಮೀಟರಿನ ಮಾತು ಕೇಳುವುದಿಲ್ಲ. ಅದು ಕೇಳುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಮಾತನ್ನು. ಅದನ್ನೇ ವೆಟ್ ಬಲ್ಬ್ ತಾಪಮಾನ ಎನ್ನುತ್ತೇವೆ. ಮಣ್ಣಿನ ಹೂಜಿಯ ನೀರು ಕಲಬುರಗಿಯ ಸುಡುಬಿಸಿಲಿನಲ್ಲಿ ತಣ್ಣಗಾಗುತ್ತದೆ, ಕರಾವಳಿಯ ಸೆಕೆಯಲ್ಲಿ ಆಗುವುದಿಲ್ಲ. ಇಲ್ಲೂ ಅದೇ ಕತೆ.

40 ಡಿಗ್ರಿ ಬಿಸಿಲು, ಶೇ 20 ತೇವಾಂಶವಿದ್ದರೆ ವೆಟ್ ಬಲ್ಬ್ ಸುಮಾರು 22. 33 ಡಿಗ್ರಿ, ಶೇ 65 ತೇವಾಂಶವಿದ್ದರೆ 27ರ ಮೇಲೆ. ಕಂಡೆನ್ಸರ್ ಎರಡು ಕಡೆಯೂ ಒಂದೇ ಆಗಿದ್ದರೆ ಮಂಗಳೂರಿನವರು ಐದು ಡಿಗ್ರಿ ಮೇಲೆಯೇ ಓಡಿಸಬೇಕು. ಅದು ಅವರ ತಪ್ಪಲ್ಲ. ಬೆಂಗಳೂರಿನಂಥ ಕಡೆ ಜನವರಿಯ ನಸುಕಿನಲ್ಲಿ ವೆಟ್ ಬಲ್ಬ್ 14ರ ಆಸುಪಾಸಿಗೆ ಇಳಿಯುತ್ತದೆ. ಆಗಲೂ ಗೇಜ್ 180 ಪೌಂಡ್ ತೋರಿಸುತ್ತಿದ್ದರೆ ತಪ್ಪು ಹವೆಯದ್ದಲ್ಲ.

ಹಾಗಾದರೆ ನಮ್ಮ ಪ್ಲಾಂಟಿಗೆ ಸರಿಯಾದ ಪ್ರೆಶರ್ ಎಷ್ಟು?

ಒಂದೇ ಅಂಕಿ ಕೇಳಬೇಡಿ, ಅಂತರ ಕೇಳಿ. ಸುಸ್ಥಿತಿಯಲ್ಲಿರುವ ಇವಾಪರೇಟಿವ್ ಕಂಡೆನ್ಸರ್ (ಟ್ಯೂಬ್ ಮೇಲೆ ನೀರು ಸುರಿಸಿ ಫ್ಯಾನ್ ಗಾಳಿ ಹಾಯಿಸುವಂಥದ್ದು) ಪೂರ್ಣ ಹೊರೆಯಲ್ಲಿ ವೆಟ್ ಬಲ್ಬ್‌ಗಿಂತ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಮೇಲೆ ಓಡುತ್ತದೆ. ಹೊರೆ ಅರ್ಧವಾದರೆ ಅಂತರವೂ ಹೆಚ್ಚುಕಡಿಮೆ ಅರ್ಧವಾಗಬೇಕು. ವೆಟ್ ಬಲ್ಬ್ 21 ಇರುವ ದಿನ 31 ಡಿಗ್ರಿ, ಅಂದರೆ ಸುಮಾರು 160 ಪೌಂಡ್, ಸಹಜ. ಅದೇ ದಿನ 200 ಪೌಂಡ್ ಇದ್ದರೆ ಏನೋ ಕೆಟ್ಟಿದೆ.

ಲಾಗ್ ಪುಸ್ತಕದಲ್ಲಿ ಪ್ರೆಶರ್ ಬರೆಯುವ ಅಂಕಣದ ಪಕ್ಕದಲ್ಲಿ ವೆಟ್ ಬಲ್ಬ್ ಅಂಕಣವೊಂದನ್ನು ಸೇರಿಸಿ. ಬೇಕಾಗುವ ಸಾಮಗ್ರಿ ಒಂದು ಥರ್ಮಾಮೀಟರ್, ಒದ್ದೆ ಬತ್ತಿ, ಬೀಸುವ ಗಾಳಿ. ಮೂರು ತಿಂಗಳಲ್ಲಿ ಅಂತರ 9ರಿಂದ 13ಕ್ಕೆ ಏರಿದ್ದು ಕಂಡರೆ, ಯಾವ ಸಲಹೆಗಾರರನ್ನೂ ಕರೆಯದೆಯೇ ಕಂಡೆನ್ಸರ್ ಕೊಳಕಾಗುತ್ತಿದೆ ಎಂದು ತಿಳಿಯುತ್ತದೆ.

ಬೆಂಗಳೂರು ಎತ್ತರದಲ್ಲಿದೆ. ಗೇಜ್ ತಪ್ಪು ತೋರಿಸುತ್ತದೆಯೇ?

ಸ್ವಲ್ಪ. 900 ಮೀಟರಿಗೂ ಮೇಲಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 0.91 ಬಾರ್, ಸಮುದ್ರಮಟ್ಟಕ್ಕಿಂತ 0.1 ಬಾರ್ ಕಡಿಮೆ. ಹೆಡ್ ಕಡೆ ಈ ವ್ಯತ್ಯಾಸ ಒಂದು ಡಿಗ್ರಿಯ ಮೂರನೇ ಒಂದು ಭಾಗ, ಮರೆತುಬಿಡಿ. ಸಕ್ಷನ್ ಕಡೆ ಮಾತ್ರ ನೆನಪಿಡಿ: ಗೇಜ್ ಸೊನ್ನೆ ತೋರಿಸುವಾಗ ಅಮೋನಿಯಾ ಮಂಗಳೂರಿನಲ್ಲಿ ಮೈನಸ್ 33, ಬೆಂಗಳೂರಿನಲ್ಲಿ ಮೈನಸ್ 35.

## ಗೇಜ್ ಏಕೆ ಏರಿ ಕುಳಿತಿದೆ

ಸಿಸ್ಟಮ್‌ನಲ್ಲಿ ಗಾಳಿ ಸೇರಿದೆ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರಿಗೆ ಬರುವ ಮತ್ತು ಹೋಗುವ ಅನಿಲ ಹಾಗೂ ದ್ರವದ ವಾಲ್ವ್‌ಗಳನ್ನು ಮುಚ್ಚಿ, ನೀರನ್ನು ಮಾತ್ರ ಹರಿಯಲು ಬಿಡಿ. ಸುರಕ್ಷತಾ ವಾಲ್ವಿನ ದಾರಿ ತೆರೆದೇ ಇರಲಿ. ಒಳಗೆ ಹೋಗುವ ನೀರು ಮತ್ತು ಹೊರಬರುವ ನೀರು ಒಂದೇ ತಾಪಮಾನಕ್ಕೆ ಬರುವವರೆಗೆ ಕಾಯಿರಿ. ಈಗ ಒಳಗಿನ ಅಮೋನಿಯಾ ನೀರಿನ ತಾಪಮಾನದಲ್ಲೇ ಇದೆ. ನೀರು 28 ಡಿಗ್ರಿ ಇದ್ದರೆ ಗೇಜ್ ಸುಮಾರು 10 ಬಾರ್, 145 ಪೌಂಡ್ ತೋರಿಸಬೇಕು. 160 ತೋರಿಸಿದರೆ ಮೇಲಿನ 15 ಪೌಂಡ್ ಗಾಳಿಯ ಪಾಲು.

ನಿಂತಾಗ 15 ಪೌಂಡ್ ಎಂದರೆ ಓಡುವಾಗಲೂ ಅಷ್ಟೇ ಎಂದುಕೊಳ್ಳಬೇಡಿ. ಓಡುವಾಗ ಗಾಳಿಯನ್ನು ಅಮೋನಿಯಾ ಕಂಡೆನ್ಸರಿನ ತುದಿಗೆ ತಳ್ಳಿ ಗುಡ್ಡೆ ಹಾಕುತ್ತದೆ, ಟ್ಯೂಬ್‌ಗಳ ಒಂದು ಭಾಗ ಕೆಲಸವಿಲ್ಲದೆ ನಿಲ್ಲುತ್ತದೆ, ಹೆಡ್ ಮೇಲಿನ ಪರಿಣಾಮ ಇನ್ನೂ ಹೆಚ್ಚು. ಪರೀಕ್ಷೆಗೆ ಮೊದಲು ಗೇಜ್ ಸರಿಯಿದೆಯೇ ನೋಡಿ. ಸುಳ್ಳು ಗೇಜ್ ನಂಬಿ ಎರಡು ದಿನ ಪರ್ಜ್ ಮಾಡಿದವರನ್ನು, ಅಂದರೆ ಗಾಳಿ ತೆಗೆಯುತ್ತಾ ಕೂತವರನ್ನು, ಕಂಡಿದ್ದೇನೆ. ಮೊದಲ ದಿನ ಅವರ ಜೊತೆಯಲ್ಲಿ ನಾನೂ ಇದ್ದೆ.

ನಮ್ಮ ಸಕ್ಷನ್ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಗಾಳಿ ಬರುವುದಾದರೂ ಎಲ್ಲಿಂದ?

ರಿಪೇರಿಗೆ ತೆರೆದು, ಸರಿಯಾಗಿ ವ್ಯಾಕ್ಯೂಮ್ ಮಾಡದೆ ಮುಚ್ಚಿದ ಫಿಲ್ಟರ್ ಮತ್ತು ವಾಲ್ವ್‌ಗಳಿಂದ. ಸಿಲಿಂಡರ್ ಜೋಡಿಸುವಾಗ ಹೋಸ್‌ನಲ್ಲಿ ಉಳಿದ ಗಾಳಿಯಿಂದ. ಎಣ್ಣೆ ತುಂಬುವಾಗ. ಸೊನ್ನೆಗಿಂತ ಕೆಳಗೆ ಓಡುವ ಬ್ಲಾಸ್ಟ್ ಫ್ರೀಜರ್ ಪ್ಲಾಂಟುಗಳಲ್ಲಾದರೆ ಶಾಫ್ಟ್ ಸೀಲ್, ವಾಲ್ವ್ ಗ್ಲ್ಯಾಂಡ್ ಎಲ್ಲವೂ ಗಾಳಿಗೆ ಬಾಗಿಲು. ಅಲ್ಲಿ ಪರ್ಜ್ ಮಾಡುವುದು ಹಬ್ಬದ ಕೆಲಸವಲ್ಲ, ದಿನದ ಕೆಲಸ.

ಪೈಪನ್ನು ಬಕೆಟ್ ನೀರಿಗೆ ಬಿಟ್ಟು ಗಾಳಿ ತೆಗೆಯುತ್ತೇವೆ. ಅದು ಸರಿಯೇ?

ತತ್ವ ಸರಿ. ಅಮೋನಿಯಾ ನೀರಿನಲ್ಲಿ ಕರಗುತ್ತದೆ, ಗಾಳಿ ಕರಗದೆ ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತು ಚಟಪಟ ಸದ್ದು ಮಾತ್ರ ಉಳಿದರೆ ಬರುತ್ತಿರುವುದು ಅಮೋನಿಯಾ, ವಾಲ್ವ್ ಮುಚ್ಚಿ.

ಆದರೆ ಇದರಲ್ಲೊಂದು ಕುತ್ತಿದೆ. ಅಮೋನಿಯಾಕ್ಕೆ ನೀರಿನ ದಾಹ ಎಷ್ಟೆಂದರೆ, ವಾಲ್ವ್ ಮುಚ್ಚಿದ ಕ್ಷಣ ಪೈಪಿನಲ್ಲಿ ಉಳಿದ ಅನಿಲ ಕರಗಿ, ಬಕೆಟ್ಟಿನ ನೀರು ಹಿಂದಕ್ಕೆ ಪೈಪಿನೊಳಗೆ ಏರಿಬರುತ್ತದೆ. ವಾಲ್ವ್ ಮುಚ್ಚುವಾಗಲೇ ಪೈಪನ್ನು ನೀರಿನಿಂದ ಎತ್ತಿ, ನಡುವೆ ಒಂದು ನಾನ್‌ರಿಟರ್ನ್ ವಾಲ್ವ್ ಇರಲಿ. ಮುಖವಾಡ, ಕೈಗವಸು, ಜೊತೆಗೊಬ್ಬರು ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 300 ಭಾಗ ಅಮೋನಿಯಾ ಸೇರಿದರೂ ಅದನ್ನು ಪ್ರಾಣಾಪಾಯದ ಮಟ್ಟವೆಂದು ಗಣಿಸುತ್ತಾರೆ.

ಎಲ್ಲಿಂದ ತೆಗೆಯಬೇಕು? ಗಾಳಿ ಅಮೋನಿಯಾ ಅನಿಲಕ್ಕಿಂತ ಭಾರ, ಅದು ಕೂಡುವುದು ತಣ್ಣಗಿನ, ಚಲನೆಯಿಲ್ಲದ ಮೂಲೆಯಲ್ಲಿ. ಇವಾಪರೇಟಿವ್ ಕಂಡೆನ್ಸರ್ ಆದರೆ ಪ್ರತಿ ಕಾಯಿಲ್‌ನ ಹೊರದಾರಿಯ ಬಳಿ, ಜೊತೆಗೆ ದ್ರವ ಬಂದು ಶೇಖರವಾಗುವ ರಿಸೀವರ್‌ನ ಮೇಲ್ಭಾಗದಲ್ಲಿ. ಬಿಸಿ ಡಿಸ್ಚಾರ್ಜ್ ಲೈನ್‌ನಿಂದ ಪರ್ಜ್ ಮಾಡಿದರೆ ಹೋಗುವುದು ದುಡ್ಡು ಕೊಟ್ಟು ತಂದ ಅಮೋನಿಯಾ ಮಾತ್ರ. ಒಂದು ಸಲಕ್ಕೆ ಒಂದೇ ಜಾಗ ತೆರೆಯಿರಿ. ಎರಡು ಒಟ್ಟಿಗೆ ತೆರೆದರೆ ಒತ್ತಡ ಹೆಚ್ಚಿರುವ ಕಡೆಯಿಂದಷ್ಟೇ ಹೊರಬರುತ್ತದೆ. ದೊಡ್ಡ ಪ್ಲಾಂಟಿಗೆ ಸ್ವಯಂಚಾಲಿತ ಪರ್ಜರ್ ಹಾಕಿಸುವುದೇ ಜಾಣತನ. ಅದು ಮಿಶ್ರಣವನ್ನು ತಂಪುಮಾಡಿ ಅಮೋನಿಯಾವನ್ನು ದ್ರವವಾಗಿ ಹಿಂದಿರುಗಿಸಿ ಉಳಿದದ್ದನ್ನಷ್ಟೇ ಬಿಡುತ್ತದೆ.

ಕೊಳವೆಬಾವಿ ನೀರು, ಟ್ಯೂಬ್ ಮೇಲೆಲ್ಲ ಸುಣ್ಣ ಕಟ್ಟಿದೆ. ಆಸಿಡ್ ಹಾಕಿ ತೊಳೆಯಬಹುದೇ?

ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟಿದ ಮೇಲೆ ಸೌದೆ ಎಷ್ಟು ಉರಿಸಿದರೂ ನೀರು ಕಾಯಲು ತಡವಾಗುತ್ತದಲ್ಲ, ಅದೇ ಪದರ ಇದು. ಉಕ್ಕಿಗೆ ಹೋಲಿಸಿದರೆ ಈ ಸುಣ್ಣ ದಾಟಲು ಬಿಡುವ ಶಾಖ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಉಗುರಿನ ದಪ್ಪದ ಪದರವೂ ಹೆಡ್ ಮೇಲೆ ಎದ್ದು ಕಾಣುತ್ತದೆ.

ಆಸಿಡ್ ಹಾಕಬಹುದು, ಆದರೆ ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ್ದನ್ನು, ತಿಳಿದವರ ಕೈಯಿಂದ, ಗಡಿಯಾರ ನೋಡಿಕೊಂಡು. ನಿಮ್ಮ ಟ್ಯೂಬ್ ಮೇಲಿರುವುದು ಸತುವಿನ ಲೇಪ. ಆಸಿಡ್ ಸುಣ್ಣ ಮುಗಿಸಿದ ಮೇಲೆ ಅದನ್ನೇ ತಿನ್ನುತ್ತದೆ, ಆಮೇಲೆ ಟ್ಯೂಬ್ ತೂತಾಗಲು ಹೆಚ್ಚು ದಿನ ಬೇಡ. ಸುತ್ತಿಗೆಯಿಂದ ಕುಟ್ಟಿ ಉದುರಿಸುವವರೂ ಇದ್ದಾರೆ. ಒಳಗೆ 12 ಬಾರ್ ಅಮೋನಿಯಾ ಇದೆ ಎಂಬುದನ್ನು ಅವರಿಗೆ ನೆನಪಿಸಿ. ದಪ್ಪ ಪದರವನ್ನು ಒಂದೇ ದಿನದಲ್ಲಿ ತೆಗೆಯುವ ಹಟ ಬೇಡ. ನೀರಿನ ಶುದ್ಧೀಕರಣ ಸರಿಪಡಿಸಿದರೆ ಎಷ್ಟೋ ಕಡೆ ಅದು ತಿಂಗಳುಗಳಲ್ಲಿ ತಾನಾಗಿ ಸಡಿಲುತ್ತದೆ. ಸಾಫ್ಟನರ್ ಹಾಕಿದವರಿಗೊಂದು ಮಾತು: ಗಡಸುತನವನ್ನು ಪೂರ್ತಿ ಸೊನ್ನೆಗೆ ತಂದ ನೀರು ಹೊಸ ಸತುವಿನ ಮೇಲೆ ಬಿಳಿ ತುಕ್ಕು ಎಬ್ಬಿಸುತ್ತದೆ. ಸ್ವಲ್ಪ ಕಚ್ಚಾ ನೀರು ಬೆರೆಸಿ.

ನೀರಿಗೆ ಬರ. ಹಾಗಾಗಿ ಬ್ಲೀಡ್ ವಾಲ್ವ್ ಮುಚ್ಚಿಟ್ಟಿದ್ದೇವೆ. ತಪ್ಪೇ?

ನೀರು ಉಳಿಸಿ ಕರೆಂಟ್ ಚೆಲ್ಲುತ್ತಿದ್ದೀರಿ. 100 ಟನ್ (ಇದು ತೂಕವಲ್ಲ, ತಂಪಿನ ಅಳತೆ) ಸಾಮರ್ಥ್ಯದ ಪ್ಲಾಂಟ್ ಹೊರಹಾಕುವ ಶಾಖ ಸುಮಾರು 440 ಕಿಲೋವಾಟ್, ಅದಕ್ಕೆ ಗಂಟೆಗೆ 650 ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಬಂದ ನೀರಿಗಿಂತ ತೊಟ್ಟಿಯ ನೀರು ಮೂರು ಪಟ್ಟು ಗಟ್ಟಿಯಾಗುವಂತೆ ಹಿಡಿದಿಡಲು ಬ್ಲೀಡ್ ವಾಲ್ವಿನಿಂದ ಗಂಟೆಗೆ ಸುಮಾರು 325 ಲೀಟರ್ ಹೊರಬಿಡಬೇಕು. ಐದು ಪಟ್ಟಾದರೆ 160 ಸಾಕು. ಎಷ್ಟು ಪಟ್ಟು ಎಂಬುದನ್ನು ನಿಮ್ಮ ನೀರಿನ ಪರೀಕ್ಷೆ ನೋಡಿ ತೀರ್ಮಾನಿಸಿ. ಹೊರಬಿಟ್ಟದ್ದನ್ನು ಅಂಗಳ ತೊಳೆಯಲು, ಶೌಚಾಲಯಕ್ಕೆ ಬಳಸಿ. ಪೂರ್ತಿ ಮುಚ್ಚಿದರೆ ಆ ಉಪ್ಪು ಬಂದು ಕೂರುವುದು ನಿಮ್ಮ ಟ್ಯೂಬ್ ಮೇಲೆಯೇ.

ಗಾಳಿ ತೆಗೆದಾಯಿತು, ಸುಣ್ಣವೂ ಇಲ್ಲ. ಆದರೂ ಪ್ರೆಶರ್ ಇಳಿಯುತ್ತಿಲ್ಲ. ಇನ್ನೇನು ನೋಡಬೇಕು?

ಕಣ್ಣಿಗೆ ಕಾಣುವುದನ್ನು ನೋಡಿ. ಒಂದು ಕಡೆ ವಾರವಿಡೀ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಮೋಟಾರ್ ರಿಪೇರಿಯಾಗಿ ಬಂದ ಮೇಲೆ ಎರಡು ಫೇಸ್ ತಂತಿ ಅದಲುಬದಲಾಗಿ ಫ್ಯಾನ್ ಹಿಂದುಮುಂದಾಗಿ ತಿರುಗುತ್ತಿತ್ತು. ತಿರುಗುತ್ತಿದೆ, ಸದ್ದೂ ಇದೆ, ಗಾಳಿಯೂ ಒಂದಿಷ್ಟು ಬರುತ್ತಿದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಇನ್ನೊಂದು ಕಡೆ ಮಳೆಗಾಲಕ್ಕೆಂದು ಕಂಡೆನ್ಸರ್ ಪಕ್ಕ ಕಟ್ಟಿದ ತಗಡಿನ ಶೆಡ್, ಹೊರಬಿಟ್ಟ ಬಿಸಿ ತೇವದ ಗಾಳಿಯನ್ನು ಮತ್ತೆ ಒಳಗೆ ತಿರುಗಿಸುತ್ತಿತ್ತು. ಕಂಡೆನ್ಸರ್ ತನ್ನ ಬೆವರನ್ನೇ ಉಸಿರಾಡುತ್ತಿತ್ತು. ಗಾಳಿ ಒಳಹೋಗುವ ಬಾಯಲ್ಲೇ ವೆಟ್ ಬಲ್ಬ್ ಅಳೆದು, ಬಯಲಿನಲ್ಲಿ ಅಳೆದದ್ದಕ್ಕೆ ಹೋಲಿಸಿದರೆ ಇದು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಸಡಿಲ ಬೆಲ್ಟ್, ಕಟ್ಟಿಕೊಂಡ ನಾಝಲ್, ಒಣಗಿ ನಿಂತ ಟ್ಯೂಬ್ ಸಾಲು ಇವೆಲ್ಲ ಟಾರ್ಚ್ ಹಿಡಿದರೆ ಕಾಣುತ್ತವೆ. ಕಾಣದೇ ಇರುವುದು ಎರಡು. ಅಮೋನಿಯಾ ಹೆಚ್ಚು ತುಂಬಿದ್ದರೆ ರಿಸೀವರ್ ತುಂಬಿ ದ್ರವ ಕಂಡೆನ್ಸರಿನೊಳಕ್ಕೆ ಹಿಮ್ಮೆಟ್ಟುತ್ತದೆ, ಮುಳುಗಿದ ಟ್ಯೂಬ್ ಕಂಡೆನ್ಸರ್ ಕೆಲಸ ಮಾಡುವುದಿಲ್ಲ. ಎರಡನೆಯದು ಎಣ್ಣೆ: ದ್ರವ ಅಮೋನಿಯಾಕ್ಕಿಂತ ಅದು ಭಾರ, ರಿಸೀವರ್ ತಳದಲ್ಲಿ ಕೂರುತ್ತದೆ. ಕ್ರಮವಾಗಿ ಡ್ರೈನ್ ಮಾಡದಿದ್ದರೆ ದಾರಿಯುದ್ದಕ್ಕೂ ಪದರ ಕಟ್ಟುತ್ತದೆ.

## ಇಳಿಸುವ ಕೆಲಸ

ಚಳಿಗಾಲದಲ್ಲಿ ಪ್ರೆಶರ್ ತಾನಾಗಿ ಬೀಳುತ್ತದೆ. ಫ್ಯಾನ್ ನಿಲ್ಲಿಸಿ 170ಕ್ಕೆ ಹಿಡಿಯುತ್ತೇವೆ. ಹಾಗೇ ಮಾಡಬೇಕಲ್ಲವೇ?

170 ಎಲ್ಲಿಂದ ಬಂತು ಎಂದು ಕೇಳಿ. ಹೆಚ್ಚಿನ ಕಡೆ ಉತ್ತರ ‘ಮೊದಲಿನಿಂದಲೂ ಹಾಗೇ ಇದೆ’. ಪ್ಲಾಂಟ್ ಹಾಕಿದವರು ಬೇಸಿಗೆಯ ಅತಿ ಕೆಟ್ಟ ದಿನಕ್ಕೆ ಕಂಡೆನ್ಸರ್ ಆರಿಸುತ್ತಾರೆ. ಆ ದಿನ ವರ್ಷದಲ್ಲಿ ಕೆಲವೇ ಗಂಟೆ ಇರುತ್ತದೆ. ಉಳಿದ ಸಾವಿರಾರು ಗಂಟೆ ಪ್ರಕೃತಿ ಪುಕ್ಕಟೆ ಕೊಡುವ ತಂಪನ್ನು ಫ್ಯಾನ್ ಸ್ವಿಚ್ ಆರಿಸಿ ನಾವು ಬೇಡವೆನ್ನುತ್ತೇವೆ. 7 ಕಿಲೋವಾಟ್ ಫ್ಯಾನ್ ನಿಲ್ಲಿಸಿದ ಖುಷಿಯಲ್ಲಿ ಕಂಪ್ರೆಸರ್ 15 ಕಿಲೋವಾಟ್ ಹೆಚ್ಚು ಎಳೆಯುವುದನ್ನು ಯಾರೂ ನೋಡುವುದಿಲ್ಲ. ಕೆಳಮಿತಿ ಬೇಕು, ನಿಜ. ಆದರೆ ಅದಕ್ಕೊಂದು ಕಾರಣದ ಹೆಸರು ಇರಬೇಕು: ‘ಡಿಫ್ರಾಸ್ಟ್ (ಕಾಯಿಲ್ ಮೇಲಿನ ಹಿಮ ಕರಗಿಸುವುದು) ಕೆಡುತ್ತದೆ’, ‘ಎಣ್ಣೆ ಹೋಗುತ್ತದೆ’, ಹೀಗೆ. ಹೆಸರಿಲ್ಲದ ಮಿತಿ ಬರೀ ಹೆದರಿಕೆ.

ಪ್ರೆಶರ್ ಹಿಡಿಯಲು ಫ್ಯಾನ್ ಬದಲು ನೀರಿನ ಪಂಪ್ ನಿಲ್ಲಿಸಬಹುದೇ?

ಬೇಡ. ಪ್ರತಿ ಸಲ ಪಂಪ್ ನಿಂತಾಗ ಬಿಸಿ ಟ್ಯೂಬ್ ಮೇಲಿನ ನೀರು ಒಣಗಿ ಉಪ್ಪಿನ ಒಂದು ಪದರ ಬಿಟ್ಟುಹೋಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹಾಗೆ ಮಾಡಿದರೆ ನೀವೇ ಕೈಯಾರೆ ಸುಣ್ಣ ಹೊಡೆದಂತೆ. ಪಂಪ್ ಓಡುತ್ತಿರಲಿ, ಫ್ಯಾನಿನಿಂದ ನಿಯಂತ್ರಿಸಿ.

ಕಂಡೆನ್ಸರ್ ಫ್ಯಾನ್‌ಗೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕಿಸಿದರೆ ದುಡ್ಡು ಹಿಂದೆ ಬರುತ್ತದೆಯೇ?

ಬರುತ್ತದೆ, ಆದರೆ ಎಲ್ಲ ಫ್ಯಾನ್‌ಗಳಿಗೂ ಹಾಕಿಸಿ ಒಂದೇ ವೇಗದಲ್ಲಿ ಓಡಿಸಿದರೆ. ಫ್ಯಾನಿನ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 7.5 ಕಿಲೋವಾಟ್‌ನ ಎರಡು ಫ್ಯಾನ್ ಇವೆಯೆನ್ನಿ. ಒಂದನ್ನು ಪೂರ್ಣ ವೇಗದಲ್ಲಿ ಓಡಿಸಿ ಇನ್ನೊಂದನ್ನು ನಿಲ್ಲಿಸಿದರೆ ಖರ್ಚು 7.5. ಎರಡನ್ನೂ ಅರ್ಧ ವೇಗದಲ್ಲಿ ಓಡಿಸಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಖರ್ಚು ಸುಮಾರು 1.9. ಒಂದಕ್ಕೆ ವಿಎಫ್‌ಡಿ ಹಾಕಿ ಉಳಿದವನ್ನು ಹಳೆಯ ರೀತಿಯಲ್ಲೇ ಬಿಟ್ಟವರು ‘ಏನೂ ಉಳಿಯಲಿಲ್ಲ’ ಎಂದು ಬರೆಯುತ್ತಾರೆ. ಉಳಿಯಲಾರದು.

ಸೆಟ್ ಪಾಯಿಂಟನ್ನು ಇವತ್ತೇ 170ರಿಂದ 120ಕ್ಕೆ ಇಳಿಸಿಬಿಡಬಹುದೇ?

ಬೇಡ. ಒತ್ತಡ ತಟ್ಟನೆ ಬಿದ್ದರೆ ರಿಸೀವರಿನಲ್ಲಿರುವ ಬಿಸಿ ದ್ರವ ಕುದಿಯಲಾರಂಭಿಸುತ್ತದೆ, ಲಿಕ್ವಿಡ್ ಲೈನ್‌ನಲ್ಲಿ ದ್ರವದ ಜೊತೆ ಆವಿ ಹೋಗಿ ವಾಲ್ವ್‌ಗಳಿಗೆ ದ್ರವ ಸಾಲದಾಗುತ್ತದೆ. ಆಗ ಎಲ್ಲರೂ ‘ನೋಡಿ, ಪ್ರೆಶರ್ ಇಳಿಸಿದ್ದಕ್ಕೆ ಹೀಗಾಯಿತು’ ಎನ್ನುತ್ತಾರೆ, ಪ್ರಯೋಗ ಅಲ್ಲಿಗೇ ಸತ್ತಿತು. ವಾರಕ್ಕೆ 5 ಪೌಂಡಿನಂತೆ ಇಳಿಸಿ. ಪ್ರತಿ ಹೆಜ್ಜೆಯಲ್ಲೂ ಕೋಣೆಯ ತಾಪಮಾನ, ಡಿಫ್ರಾಸ್ಟ್ ಆಗಲು ಹಿಡಿಯುವ ಸಮಯ, ಎಣ್ಣೆ ಮಟ್ಟ, ಎಣ್ಣೆ ತಾಪಮಾನ ಬರೆದಿಡಿ. ಎಲ್ಲೋ ಒಂದು ಕಡೆ ಪ್ಲಾಂಟ್ ಗೊಣಗುತ್ತದೆ. ಅಲ್ಲಿ ನಿಂತು, ಗೊಣಗಿದ್ದು ಯಾವ ಭಾಗ ಎಂದು ಹುಡುಕಿ. ಅದನ್ನು ಸರಿಪಡಿಸುವ ಖರ್ಚು ಮುಂದಿನ ಹೆಜ್ಜೆಯ ಉಳಿತಾಯಕ್ಕಿಂತ ಕಡಿಮೆಯಿದ್ದರೆ ಮುಂದುವರಿಯಿರಿ. ರಾತ್ರಿ ಪಾಳಿಯವರಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಬೆಳಿಗ್ಗೆ ಹೊತ್ತಿಗೆ ಹಳೆಯ ಅಂಕಿಯೇ ಇರುತ್ತದೆ.

## ಎಲ್ಲಿ ತಡೆಯುತ್ತದೆ

ಹಾಟ್ ಗ್ಯಾಸ್ ಡಿಫ್ರಾಸ್ಟ್‌ಗೆ 150 ಪೌಂಡಾದರೂ ಬೇಡವೇ?

ಮಂಜುಗಡ್ಡೆ ಕರಗುವುದು ಸೊನ್ನೆ ಡಿಗ್ರಿಯಲ್ಲಿ. 5 ಬಾರ್, ಅಂದರೆ 73 ಪೌಂಡ್ ಒತ್ತಡದ ಅಮೋನಿಯಾ ದ್ರವವಾಗುವುದು 9 ಡಿಗ್ರಿಯಲ್ಲಿ. ಕಾಯಿಲ್ ಒಳಗೆ ಅಷ್ಟು ಒತ್ತಡ ಸಿಕ್ಕರೆ ಹಿಮ ಕರಗುತ್ತದೆ. ಬಿಸಿ ಅನಿಲ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೆಲಸ ಮಾಡುವುದು ಅನಿಲದ ಬಿಸಿಯಲ್ಲ, ಅದು ದ್ರವವಾಗುವಾಗ ಬಿಡುವ ಗುಪ್ತೋಷ್ಣ.

ಹಾಗಿದ್ದೂ ಒತ್ತಡ ಇಳಿಸಿದಾಗ ಡಿಫ್ರಾಸ್ಟ್ ಕೆಟ್ಟರೆ ಕಾರಣ ಬೇರೆಡೆ ಇದೆ: ಸಣ್ಣ ಪೈಪ್, ಯಂತ್ರಕೋಣೆಯ ರೆಗ್ಯುಲೇಟರ್, ಅಥವಾ ಮುಖ್ಯ ಲೈನ್‌ನಲ್ಲಿ ದ್ರವವಾಗಿ ನಿಂತ ಅಮೋನಿಯಾ. ಉದ್ದನೆಯ ಲೈನ್ ತಣ್ಣಗಿನ ಮಾಳಿಗೆಯಲ್ಲಿ ಹೋಗುತ್ತಿದ್ದರೆ ಅದರ ತಗ್ಗಿನಲ್ಲಿ ಡ್ರೈನ್ ಟ್ರ್ಯಾಪ್ ಹಾಕಿಸಿ. ಒಂದೇ ಸಲ ಹಲವು ಕಾಯಿಲ್ ಡಿಫ್ರಾಸ್ಟ್ ಮಾಡಬೇಡಿ. ಇದೆಲ್ಲ ಆಗದಿದ್ದರೆ ಡಿಫ್ರಾಸ್ಟ್ ನಡೆಯುವ ಅರ್ಧ ಗಂಟೆ ಮಾತ್ರ ಒತ್ತಡ ಏರಿಸಿ ಮತ್ತೆ ಇಳಿಸುವಂತೆ ಕಂಟ್ರೋಲರ್ ಹೊಂದಿಸಿ. ದಿನಕ್ಕೆ ಒಂದೂವರೆ ಗಂಟೆಯ ಕೆಲಸಕ್ಕೆ ಇಪ್ಪತ್ನಾಲ್ಕು ಗಂಟೆ ದಂಡ ಕಟ್ಟುವುದು ಯಾಕೆ?

ಪ್ರೆಶರ್ ಇಳಿಸಿದ ಮೇಲೆ ಸ್ಕ್ರೂ ಕಂಪ್ರೆಸರ್ ಎಣ್ಣೆ ಕುಡಿಯುತ್ತಿದೆ. ಏನು ಮಾಡುವುದು?

ಇದು ನಿಜವಾದ ಮಿತಿ, ಇದನ್ನು ಗೌರವಿಸಿ. 35 ಡಿಗ್ರಿಯಿಂದ 20ಕ್ಕೆ ಇಳಿದರೆ ಅದೇ ತೂಕದ ಅನಿಲ ಸುಮಾರು ಒಂದೂವರೆ ಪಟ್ಟು ಜಾಗ ಕೇಳುತ್ತದೆ. ಆಯಿಲ್ ಸೆಪರೇಟರ್ ಒಳಗೆ ಅನಿಲ ಜೋರಾಗಿ ಓಡಿ ಎಣ್ಣೆಯನ್ನೂ ಎತ್ತಿಕೊಂಡು ಹೋಗುತ್ತದೆ. ಸೆಪರೇಟರ್ ಎಷ್ಟು ಒತ್ತಡಕ್ಕೆ ಆಯ್ದದ್ದು ಎಂದು ತಯಾರಕರನ್ನು ಕೇಳಿ. ಪೂರ್ಣ ಹೊರೆಯಲ್ಲಿ ಒಂದು ಕೆಳಮಿತಿ, ಅರ್ಧ ಹೊರೆಯಲ್ಲಿ ಇನ್ನೂ ಕೆಳಗಿನ ಮಿತಿ ಇಟ್ಟುಕೊಳ್ಳಬಹುದು.

ಎಣ್ಣೆ ತಂಪು ಮಾಡುವ ಬಗೆಯೂ ಮುಖ್ಯ. ದ್ರವ ಅಮೋನಿಯಾವನ್ನೇ ಕಂಪ್ರೆಸರಿಗೆ ಚಿಮ್ಮಿಸುವ ಲಿಕ್ವಿಡ್ ಇಂಜೆಕ್ಷನ್ ಇದ್ದರೆ ಅದರ ವಾಲ್ವಿಗೆ ದೂಡುವ ಒತ್ತಡ ಬೇಕು, ಎಷ್ಟೋ ಪ್ಲಾಂಟುಗಳಲ್ಲಿ ಮೊದಲು ಗೊಣಗುವುದು ಅದೇ. ಪಂಪಿಲ್ಲದೆ ತಾನಾಗಿ ಹರಿಯುವ ಅಮೋನಿಯಾದಿಂದ ಎಣ್ಣೆ ತಂಪಾಗುವ ಥರ್ಮೋಸೈಫನ್ ಆದರೆ ಚಿಂತೆಯಿಲ್ಲ, ಕಂಡೆನ್ಸಿಂಗ್ ತಾಪಮಾನದ ಜೊತೆ ಎಣ್ಣೆಯೂ ತಣ್ಣಗಾಗುತ್ತದೆ. ಅತಿಯಾಗಿ ತಣ್ಣಗಾಗದಂತೆ ಎಣ್ಣೆ ಕಡೆ ಮೂರು ದಾರಿಯ ವಾಲ್ವ್ ಇರಲಿ.

ಹೆಡ್ ಇಳಿಸಿದರೂ ಸ್ಕ್ರೂ ಕಂಪ್ರೆಸರಿನಲ್ಲಿ ನಿರೀಕ್ಷಿಸಿದಷ್ಟು ಉಳಿಯಲಿಲ್ಲ. ಲೆಕ್ಕ ಎಲ್ಲಿ ತಪ್ಪಿತು?

ಬಹುಶಃ ವಿಐ. ಸ್ಕ್ರೂ ಕಂಪ್ರೆಸರ್ ಹೊರಗಿನ ಒತ್ತಡ ನೋಡಿ ಬಾಗಿಲು ತೆರೆಯುವುದಿಲ್ಲ, ತನ್ನೊಳಗೆ ನಿಗದಿಯಾದಷ್ಟು ಕುಗ್ಗಿಸಿಯೇ ಅನಿಲ ಬಿಡುತ್ತದೆ. ಹೀಗೆ ಅನಿಲದ ಗಾತ್ರ ಕುಗ್ಗುವ ಅನುಪಾತಕ್ಕೆ ವಿಐ ಎನ್ನುತ್ತಾರೆ. ಮೈನಸ್ 10ರ ಸಕ್ಷನ್‌ಗೆ 40 ಡಿಗ್ರಿಯ ಹೆಡ್ ಇದ್ದಾಗ ಒತ್ತಡಗಳ ಅನುಪಾತ 5.3, ಅದಕ್ಕೆ ಹೊಂದುವ ವಿಐ ಸುಮಾರು 3.6. ಹೆಡ್ 25 ಡಿಗ್ರಿಗೆ ಇಳಿದರೆ ಅನುಪಾತ 3.45, ಹೊಂದುವ ವಿಐ 2.6. ಕಂಪ್ರೆಸರ್ 3.6ರಲ್ಲೇ ನಿಂತಿದ್ದರೆ ಅನಿಲವನ್ನು ಬೇಕಾದ್ದಕ್ಕಿಂತ ಮೇಲೆ ಎತ್ತಿ ಕೆಳಗೆ ಬೀಳಿಸುತ್ತದೆ, ಉಳಿತಾಯದ ಒಂದು ಪಾಲು ಅಲ್ಲೇ ಹೋಗುತ್ತದೆ. ಕೈಯಿಂದ ಬದಲಿಸುವ ವಿಐ ಇದ್ದರೆ ಬದಲಿಸಿ, ತಾನೇ ಬದಲಾಗುವಂಥದ್ದಾದರೆ ನಿಜವಾಗಿಯೂ ಚಲಿಸುತ್ತಿದೆಯೇ ನೋಡಿ. ಪಿಸ್ಟನ್ ಕಂಪ್ರೆಸರಿಗೆ ಈ ತಲೆನೋವಿಲ್ಲ. ಒತ್ತಡ ಸಮವಾದ ಕೂಡಲೇ ಅದರ ವಾಲ್ವ್ ತೆರೆಯುತ್ತದೆ.

ಎರಡು ಹಂತದ ಪ್ಲಾಂಟಿನಲ್ಲಿ ಬೂಸ್ಟರ್‌ಗೂ ಉಳಿತಾಯ ಆಗುತ್ತದೆಯೇ?

ನೇರವಾಗಿ ಇಲ್ಲ. ಬೂಸ್ಟರ್, ಅಂದರೆ ಕೆಳಗಿನ ಹಂತದ ಕಂಪ್ರೆಸರ್, ಕಾಣುವುದು ಎರಡು ಹಂತಗಳ ನಡುವಿನ ಒತ್ತಡವನ್ನು ಮಾತ್ರ. ಲೆಕ್ಕ ಹಾಕುವಾಗ ಮೇಲಿನ ಹಂತದ ಕಂಪ್ರೆಸರ್‌ಗಳ ಯೂನಿಟ್ಟನ್ನಷ್ಟೇ ಹಿಡಿಯಿರಿ.

ಹೆಡ್ ಇಳಿಯಲೆಂದು ಎರಡನೇ ಕಂಡೆನ್ಸರ್ ಜೋಡಿಸಿದೆವು. ಈಗ ಹಳೆಯದರಲ್ಲಿ ದ್ರವ ನಿಲ್ಲುತ್ತಿದೆ, ಪ್ರೆಶರ್ ಇಳಿದಿಲ್ಲ. ಯಾಕೆ?

ಹೊಸ ಕಂಡೆನ್ಸರ್ ಮಾರಿದವರು ಬಹುಮಟ್ಟಿಗೆ ಹೇಳದೇ ಬಿಡುವ ಸಂಗತಿ ಇದು. ಎರಡರ ಅನಿಲದ ದಾರಿ ಒಂದೇ, ದ್ರವದ ದಾರಿಯೂ ಒಂದೇ. ಆದರೆ ಒಳಗೆ ಹಾದುಹೋಗುವಾಗ ಒತ್ತಡ ನಷ್ಟ ಎರಡರಲ್ಲೂ ಒಂದೇ ಅಲ್ಲ. ನಷ್ಟ ಹೆಚ್ಚಿರುವ ಕಂಡೆನ್ಸರಿನ ಹೊರದಾರಿಯಲ್ಲಿ ಒತ್ತಡ ಕಡಿಮೆ. ಪಕ್ಕದವನು ಹೆಚ್ಚು ಒತ್ತಡದಿಂದ ಇದರ ದ್ರವವನ್ನು ಹಿಂದಕ್ಕೆ ತಳ್ಳುತ್ತಾನೆ. ಬರೀ 0.1 ಬಾರ್ ವ್ಯತ್ಯಾಸ 1.7 ಮೀಟರ್ ಎತ್ತರದ ದ್ರವ ಅಮೋನಿಯಾಕ್ಕೆ ಸಮ. ಅಷ್ಟು ದ್ರವ ಕಾಯಿಲ್ ಒಳಗೆ ನಿಂತರೆ ನೀವು ಕೊಂಡ ಹೊಸ ಮೇಲ್ಮೈ ಎಷ್ಟೋ ಹಳೆಯದರಲ್ಲಿ ಕಳೆದದ್ದೂ ಅಷ್ಟೇ.

ಪರಿಹಾರ ಎತ್ತರದಲ್ಲಿದೆ. ಪ್ರತಿ ಕಾಯಿಲ್‌ನ ಹೊರದಾರಿಯಿಂದ ನೇರ ಕೆಳಗಿಳಿಯುವ ಸಾಕಷ್ಟು ಉದ್ದದ ಪೈಪ್, ಅದರ ಬುಡದಲ್ಲಿ ಒಂದು ಟ್ರ್ಯಾಪ್ ಇರಬೇಕು. ದ್ರವ ಕಾಯಿಲ್‌ನಲ್ಲಿ ನಿಲ್ಲುವ ಬದಲು ಆ ಪೈಪಿನಲ್ಲಿ ನಿಂತು ವ್ಯತ್ಯಾಸವನ್ನು ತಾನೇ ಸರಿದೂಗಿಸುತ್ತದೆ. ರಿಸೀವರ್‌ನಿಂದ ಡಿಸ್ಚಾರ್ಜ್ ಹೆಡರ್‌ಗೆ ಒತ್ತಡ ಸಮಗೊಳಿಸುವ ಲೈನ್ ಬೇಕು, ಅದನ್ನು ಕಂಡೆನ್ಸರಿನ ಹೊರದಾರಿಗೆ ಸೇರಿಸಬೇಡಿ. ಹೆಡ್ ಇಳಿಸಿದಷ್ಟೂ ಅನಿಲ ಹಿಗ್ಗಿ ಈ ನಷ್ಟ ಬೆಳೆಯುತ್ತದೆ, ಹಾಗಾಗಿ ಪೈಪಿನ ಎತ್ತರವನ್ನು ಬೇಸಿಗೆಯ ಒತ್ತಡಕ್ಕಲ್ಲ, ನೀವು ಮುಟ್ಟಬೇಕೆಂದಿರುವ ಅತಿ ಕಡಿಮೆ ಒತ್ತಡಕ್ಕೆ ಲೆಕ್ಕ ಹಾಕಿಸಿ. ಕಂಡೆನ್ಸರ್ ಕೂರಿಸುವ ಕಟ್ಟೆ ಕಟ್ಟುವ ಮೊದಲೇ ಈ ಮಾತು ಆಗಬೇಕು. ಕಾಂಕ್ರೀಟ್ ಆರಿದ ಮೇಲೆ ಒಂದು ಮೀಟರ್ ಎತ್ತರ ಸಂಪಾದಿಸುವುದು ಬಹಳ ದುಬಾರಿ.